ಸ್ನೇಹಿತರು ಫೋಟೊ ಪ್ರಿಂಟ್ ಕೇಳಿದಾಗ ಎಷ್ಟು ದುಡ್ಡು ಹೇಳಬೇಕು?

“ನೀನು ತೆಗೆದಿದ್ಯಲ್ಲ, ಆ ಮಂಜಿನ ಬೆಟ್ಟದ ಫೋಟೊ, ಅದು ನಮ್ಮ ಹಾಲ್‌ಗೆ ಬೇಕು ಕಣೋ. ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಡು. ಎಷ್ಟಾಗುತ್ತೆ ಹೇಳು.”

ಹೀಗೆ ಕೇಳಿದರೆ ಮೊದಲು ಖುಷಿಯಾಗುತ್ತದೆ. ಮರುಕ್ಷಣವೇ ನಾಲಿಗೆ ಕಟ್ಟಿಹೋಗುತ್ತದೆ. ನನಗೂ ಹಾಗೇ ಆಗಿತ್ತು. “ಅಯ್ಯೋ, ನಿನ್ನ ಹತ್ರ ಏನು ಲೆಕ್ಕ, ಏನೋ ಒಂದಿಷ್ಟು ಕೊಡು” ಅಂದುಬಿಟ್ಟೆ. ಅವನು ಒಂದಿಷ್ಟು ಕೊಟ್ಟ. ಅದು ಲ್ಯಾಬ್ ಬಿಲ್ಲಿಗೂ ಸಾಲಲಿಲ್ಲ. ಅವನೇನೋ ಧಾರಾಳವಾಗಿಯೇ ಕೊಟ್ಟೆ ಅಂದುಕೊಂಡಿದ್ದ. ಪ್ರಿಂಟಿಗೆ ಎಷ್ಟು ಖರ್ಚಾಗುತ್ತದೆ ಅಂತ ಅವನಿಗೆ ಹೇಗೆ ಗೊತ್ತಿರಬೇಕು? ನಾನು ಹೇಳಲೇ ಇಲ್ಲವಲ್ಲ. ಆಮೇಲೆ ಎಷ್ಟೋ ತಿಂಗಳು ಅವರ ಮನೆಗೆ ಹೋದಾಗಲೆಲ್ಲ ಗೋಡೆ ಮೇಲಿನ ಆ ಫೋಟೊ ನೋಡಿ ನನಗೊಬ್ಬನಿಗೇ ಕಿರಿಕಿರಿ. ತಪ್ಪು ಪೂರ್ತಿ ನನ್ನದೇ.

ಆಮೇಲೆ ನಾನು ಕಂಡುಕೊಂಡ ಲೆಕ್ಕ ಇಷ್ಟೇ. ಪ್ರಿಂಟಿನ ಬೆಲೆಯಲ್ಲಿ ಎರಡು ಪಾಲಿದೆ. ಒಂದು ಕಾಗದ, ಲ್ಯಾಬ್, ಪ್ಯಾಕಿಂಗ್ ಇವುಗಳ ಪಾಲು. ಇನ್ನೊಂದು ನನ್ನ ಪಾಲು. ಸ್ನೇಹಕ್ಕಾಗಿ ಬಿಡಬಹುದಾದದ್ದು ನನ್ನ ಪಾಲನ್ನು ಮಾತ್ರ. ಮೊದಲನೆಯದು ನನ್ನದೇ ಅಲ್ಲ, ಬಿಡಲು ನಾನು ಯಾರು? ಈ ಎರಡನ್ನೂ ಬೇರೆ ಮಾಡಿಟ್ಟುಕೊಂಡರೆ ಅರ್ಧ ಸಂಕೋಚ ಅಲ್ಲಿಗೇ ಹೋಗುತ್ತದೆ.

ಹೆಜ್ಜೆ 1: ಅವರು ಕೇಳುತ್ತಿರುವುದು ಏನು?

“ಫೋಟೊ ಬೇಕು” ಅಂದರೆ ಹತ್ತು ಅರ್ಥ. ಕೆಲವರಿಗೆ ಬೇಕಿರುವುದು ಫೈಲ್. ಕೆಲವರ ಮನಸ್ಸಿನಲ್ಲಿ ಫ್ರೇಮ್ ಹಾಕಿದ, ಗಾಜು ಕೂರಿಸಿದ, ನೇತುಹಾಕುವುದೊಂದೇ ಬಾಕಿ ಇರುವ ಚಿತ್ರ ಇರುತ್ತದೆ. ನೀವು ಬರೀ ಕಾಗದದ ಬೆಲೆ ಹೇಳಿ, ಅವರು ಫ್ರೇಮ್ ಸಮೇತ ಅಂದುಕೊಂಡರೆ ಜಗಳಕ್ಕೆ ಅಷ್ಟು ಸಾಕು. ಬೆಲೆ ಹೇಳುವ ಮುಂಚೆ ಅಳತೆ, ಕಾಗದ, ಫ್ರೇಮ್, ಎಷ್ಟು ಪ್ರತಿ, ಯಾವಾಗ ಬೇಕು ಎಲ್ಲ ಕೇಳಿಕೊಳ್ಳಿ. ಗೋಡೆಯ ಒಂದು ಫೋಟೊ ಕಳಿಸಲು ಹೇಳಿ. ಸೋಫಾ ಮೇಲಿನ ಉದ್ದ ಗೋಡೆಗೆ 8×12 ಇಂಚಿನ ಪ್ರಿಂಟ್ ಹಾಕಿದರೆ ಅಂಚೆ ಚೀಟಿ ಅಂಟಿಸಿದ ಹಾಗೆ ಕಾಣುತ್ತದೆ.

ಆ ಅಳತೆಗೆ ನಿಮ್ಮ ಫೈಲ್ ತಡೆಯುತ್ತದಾ ಅಂತಲೂ ಈಗಲೇ ನೋಡಬೇಕು. ಹತ್ತಿರದಿಂದ ನೋಡುವ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಅನ್ನುವುದು ರೂಢಿ. ಗೋಡೆ ಮೇಲೆ ದೂರದಿಂದ ನೋಡುವುದಕ್ಕೆ 200 ಇದ್ದರೂ ಚೆನ್ನಾಗಿಯೇ ಬರುತ್ತದೆ. 12×18ಕ್ಕೆ 300ರ ಲೆಕ್ಕದಲ್ಲಿ 3600×5400 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಫೈಲ್ ಇದಕ್ಕೆ ಧಾರಾಳ. ಆದರೆ ಚಾಟ್‌ನಲ್ಲಿ ಹೋಗಿ ಬಂದು ಉದ್ದದ ಬದಿಗೆ 1600 ಪಿಕ್ಸೆಲ್ ಮಾತ್ರ ಉಳಿದಿರುವ ಫೈಲನ್ನು 18 ಇಂಚಿಗೆ ಎಳೆದರೆ ಇಂಚಿಗೆ 90 ಕೂಡ ಬರುವುದಿಲ್ಲ. ಅಂಥದ್ದಕ್ಕೆ ಬೆಲೆ ಹೇಳುವುದಕ್ಕಿಂತ “ಇದು ದೊಡ್ಡದಾಗಿ ಬರಲ್ಲ” ಅನ್ನುವುದು ವಾಸಿ.

ಆಕಾರದ ವಿಷಯವೂ ಇದೆ. ಲೆನ್ಸ್ ಬದಲಿಸಬಹುದಾದ ಹೆಚ್ಚಿನ ಕ್ಯಾಮೆರಾಗಳ ಚಿತ್ರ 3:2 ಆಕಾರದ್ದು. 8×12, 12×18, 16×24 ಎಲ್ಲ ಅದಕ್ಕೆ ಸರಿಯಾಗಿ ಕೂರುತ್ತವೆ. 8×10ರ ಫ್ರೇಮ್ ಮೊದಲೇ ತಂದಿಟ್ಟುಕೊಂಡು ಫೋಟೊ ಕೇಳುವವರು ಇರುತ್ತಾರೆ. ಅವರಿಗೆ 12 ಇಂಚಿನ ಬದಿಯಲ್ಲಿ 2 ಇಂಚು ಕತ್ತರಿಸಬೇಕಾಗುತ್ತದೆ ಅಂತ ಮೊದಲೇ ತೋರಿಸಿ. ಬೆಟ್ಟದ ತುದಿಯೋ, ಅಂಚಿನಲ್ಲಿ ನಿಂತವರ ಅರ್ಧ ಭುಜವೋ ಹೋದ ಮೇಲೆ ಹೇಳಿದರೆ ಏನು ಉಪಯೋಗ?

ಹೆಜ್ಜೆ 2: ಅಸಲು ಎಷ್ಟು?

ಎಲ್ಲರೂ ಎಡವುವುದು ಇಲ್ಲೇ. ಅಸಲು ಅಂದರೆ ಲ್ಯಾಬ್ ಬಿಲ್ ಅಂದುಕೊಳ್ಳುತ್ತಾರೆ. ಲ್ಯಾಬ್ ಬಿಲ್ ಅಸಲಿನ ಒಂದು ಭಾಗ ಮಾತ್ರ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 12×18 ಪ್ರಿಂಟಿಗೆ ಲ್ಯಾಬ್ ತೆಗೆದುಕೊಳ್ಳುವುದನ್ನು 100 ಅನ್ನಿ. ಯಾವ ದುಡ್ಡಾದರೂ ಇರಲಿ, ನಿಮ್ಮ ಲ್ಯಾಬಿನ ದರ ಹಾಕಿಕೊಂಡು ಉಳಿದದ್ದನ್ನು ನೀವೇ ಸರಿಹೊಂದಿಸಿಕೊಳ್ಳಿ.

ದೊಡ್ಡ ಪ್ರಿಂಟ್ ಹಾಕಿಸುವ ಮುಂಚೆ ಒಂದು ಸಣ್ಣ ಟೆಸ್ಟ್ ಪ್ರಿಂಟ್ ಬೇಕು. ಕಂಪ್ಯೂಟರ್ ಪರದೆ ಬೆಳಕನ್ನು ಹೊರಗೆ ಚೆಲ್ಲುತ್ತದೆ. ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ವಾಪಸ್ ಕೊಡುತ್ತದೆ. ಪರದೆಯ ಬೆಳಕು ಪೂರ್ತಿ ಏರಿಸಿಕೊಂಡು ಎಡಿಟ್ ಮಾಡಿದ ಫೋಟೊ ಪ್ರಿಂಟಿನಲ್ಲಿ ಕಪ್ಪಿಟ್ಟು ಬರುವುದು ಇದಕ್ಕೇ. ಪ್ರಿಂಟಿಗಾಗಿ ಎಡಿಟ್ ಮಾಡುವವರು ಪರದೆಯ ಬೆಳಕನ್ನು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಬೆಳಕಿನ ಅಳತೆಯ ಮಾನ) ಒಳಗೆ ಇಳಿಸಿಕೊಳ್ಳುತ್ತಾರೆ. ಅಷ್ಟಾದರೂ ಟೆಸ್ಟ್ ಪ್ರಿಂಟ್ ಬಿಡಬೇಡಿ. ಅದಕ್ಕೆ 15 ಸೇರಿಸಿ.

ಇನ್ನು ಕೆಟ್ಟುಹೋಗುವ ಪ್ರಿಂಟ್‌ಗಳು. ಮೂಲೆ ಮಡಚಿದ್ದು, ಬೆರಳಿನ ಗುರುತು ಬಿದ್ದದ್ದು, ಬಣ್ಣ ಹಸಿರಿಗೆ ತಿರುಗಿದ್ದು. ಹತ್ತರಲ್ಲಿ ಒಂದು ಹೀಗೆ ಹೋಗುತ್ತದೆ ಅಂತ ಇಟ್ಟುಕೊಂಡರೆ ಪ್ರತಿ ಪ್ರಿಂಟಿಗೂ 10 ಹಾಕಬೇಕು. “ಈ ಸಲ ಕೆಡಲಿಲ್ಲವಲ್ಲ” ಅಂತ ಬಿಟ್ಟುಕೊಡಬೇಡಿ. ಕೆಟ್ಟ ದಿನ ಗೆಳೆಯನ ಹತ್ತಿರ ಹೋಗಿ “ಇನ್ನೊಂದು 100 ಕೊಡು” ಅನ್ನಲು ಬಾಯಿ ಬರುತ್ತದಾ? ಇಲ್ಲ ಅಲ್ವಾ. ಹಾಗಾಗಿ ಈಗಲೇ ಸೇರಿಸಿ.

ಗಟ್ಟಿ ರಟ್ಟಿನ ಕೊಳವೆ ಅಥವಾ ಎರಡು ಕಡೆ ರಟ್ಟು, ಮೇಲೊಂದು ಕವರು, ಲ್ಯಾಬಿಗೆ ಹೋಗಿಬಂದ ಖರ್ಚು, ಕೊರಿಯರ್ ಇದ್ದರೆ ಅದೂ ಸೇರಿ 25. ಒಟ್ಟು 150 ಆಯಿತು. ಇದು ನಿಮ್ಮ ಅಸಲು. ನೂರರ ಬಿಲ್ ನೋಡಿ ನೂರು ಕೇಳಿದವರು ಪ್ರತಿ ಪ್ರಿಂಟಿಗೂ 50 ಕೈಯಿಂದ ಹಾಕುತ್ತಾರೆ. ಹಾಕುತ್ತಿದ್ದೇನೆ ಅನ್ನುವುದೇ ಅವರಿಗೆ ಗೊತ್ತಾಗುವುದಿಲ್ಲ.

ಮನೆಯಲ್ಲೇ ಪ್ರಿಂಟರ್ ಇದ್ದರೆ ಲೆಕ್ಕ ಇನ್ನೂ ಮೋಸದ್ದು. ಕಾಗದದ ಬೆಲೆ ಪ್ಯಾಕೆಟ್ ಮೇಲಿರುತ್ತದೆ. ಇಂಕಿನ ಬೆಲೆ ಕಣ್ಣಿಗೆ ಕಾಣುವುದಿಲ್ಲ. ಇಂಕ್‌ಜೆಟ್ ಪ್ರಿಂಟರ್ ಕೆಲವು ದಿನ ಸುಮ್ನೆ ಕೂತರೆ ನಳಿಕೆ ಕಟ್ಟಿಕೊಳ್ಳುತ್ತದೆ. ಅದನ್ನು ಬಿಡಿಸಲು ತಾನೇ ಇಂಕ್ ಹರಿಸಿ ತೊಳೆದುಕೊಳ್ಳುತ್ತದೆ. ಆ ಇಂಕಿಗೂ ನೀವು ದುಡ್ಡು ಕೊಟ್ಟಿದ್ದೀರಿ. ಒಂದು ಸೆಟ್ ಕಾರ್ಟ್ರಿಜ್ ಹಾಕಿದ ದಿನದಿಂದ ಮುಗಿಯುವ ತನಕ ಎಷ್ಟು ಒಳ್ಳೆ ಪ್ರಿಂಟ್ ಹೊರಗೆ ಬಂದವು ಅಂತ ಬರೆದಿಟ್ಟು ಭಾಗಿಸಿ. ಪ್ರಿಂಟರ್ ಕಂಪನಿ ಹೇಳುವ ಲೆಕ್ಕಕ್ಕಿಂತ ನಿಮ್ಮ ಲೆಕ್ಕ ಜಾಸ್ತಿ ಬಂದರೆ ಗಾಬರಿ ಬೇಡ.

ಅಳತೆ ಬದಲಾದರೆ ಅಸಲು ಹೇಗೆ ಬದಲಾಗುತ್ತದೆ? ಇಲ್ಲಿ ಕಣ್ಣು ಮೋಸ ಮಾಡುತ್ತದೆ. 8×12ಕ್ಕಿಂತ 16×24 “ಡಬಲ್ ಸೈಜು” ಅಂತ ಎಲ್ಲರ ಬಾಯಲ್ಲೂ ಬರುತ್ತದೆ. ಕಾಗದದ ಲೆಕ್ಕದಲ್ಲಿ ಅದು ನಾಲ್ಕು ಪಟ್ಟು. ಒಂದು 96 ಚದರ ಇಂಚು, ಇನ್ನೊಂದು 384. 12×18 ಇದ್ದರೆ 216. ಕಾಗದ, ಇಂಕು ಈ ಲೆಕ್ಕದಲ್ಲಿ ಏರುತ್ತವೆ. ನಿಮ್ಮ ಎಡಿಟಿಂಗ್ ಹೊತ್ತು ಏರುವುದಿಲ್ಲ.

ಕಾಗದದ ಆಯ್ಕೆಯೂ ಅಸಲನ್ನು ಎಳೆದಾಡುತ್ತದೆ. ಲ್ಯಾಬಿನ ಸಾಮಾನ್ಯ ಫೋಟೊ ಕಾಗದ ಒಂದು ದರ. ಹತ್ತಿಯ ಕಾಗದದ ಮೇಲೆ ಪಿಗ್ಮೆಂಟ್ ಇಂಕಿನ (ಬಣ್ಣದ ಸಣ್ಣ ಕಣಗಳಿರುವ ಇಂಕು) ಪ್ರಿಂಟ್ ಅದರ ಎಷ್ಟೋ ಪಟ್ಟು. ಪಿಗ್ಮೆಂಟ್ ಇಂಕು ಸಾಮಾನ್ಯವಾಗಿ ಬಣ್ಣ ಕರಗಿಸಿ ಮಾಡಿದ ಡೈ ಇಂಕಿಗಿಂತ ಹೆಚ್ಚು ಕಾಲ ಬಣ್ಣ ಉಳಿಸಿಕೊಳ್ಳುತ್ತದೆ ಅನ್ನುವುದು ನಿಜ. ಆದರೆ ಗೆಳೆಯರು ಕೇಳದೆ ನಾವೇ ದುಬಾರಿ ಕಾಗದ ಆರಿಸಿ ಬಿಲ್ ಏರಿಸುವುದು ಸರಿಯಲ್ಲ. ಎರಡೂ ಬೆಲೆ ಹೇಳಿ, ಆರಿಸಲು ಬಿಡಿ.

ಹೆಜ್ಜೆ 3: ನಿಮ್ಮ ಪಾಲು

ಈಗ ನಿಮ್ಮ ಹೊತ್ತು. ಪ್ರಿಂಟಿಗೆ ಫೈಲ್ ಸಿದ್ಧ ಮಾಡುವುದು, ಧೂಳಿನ ಚುಕ್ಕೆ ತೆಗೆಯುವುದು, ಆಕಾರಕ್ಕೆ ಕತ್ತರಿಸುವುದು, ಟೆಸ್ಟ್ ನೋಡಿ ತಿದ್ದುವುದು. ಗಡಿಯಾರ ನೋಡಿಕೊಂಡು ಒಮ್ಮೆ ಮಾಡಿ. ನನಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಗಂಟೆಗೆ 120 ಅಂತ ಇಟ್ಟುಕೊಂಡರೆ 90 ಆಯಿತು. ಕ್ಯಾಮೆರಾ, ಕಂಪ್ಯೂಟರ್, ಸಾಫ್ಟ್‌ವೇರ್ ಸವೆತಕ್ಕೆ 20. ಲಾಭ 40. ಎಲ್ಲ ಸೇರಿ 150. ಅಸಲು 150ರ ಮೇಲೆ ಇದನ್ನಿಟ್ಟರೆ ಪೂರ್ತಿ ಬೆಲೆ 300.

ಅಸಲಿನ ಎರಡರಷ್ಟು ಅಂದ ಕೂಡಲೇ ಕೆಲವರಿಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನೋಡಿ, ಆ 150ರಲ್ಲಿ ನಿಜವಾದ ಲಾಭ 40 ಮಾತ್ರ. ಬೆಟ್ಟ ಹತ್ತಿದ್ದು, ಬೆಳಗಿನ ಜಾವ ಎದ್ದದ್ದು, ಮಂಜು ಬರದೆ ಮೂರು ಸಲ ಖಾಲಿ ಕೈಯಲ್ಲಿ ವಾಪಸ್ ಬಂದದ್ದು ಇದರಲ್ಲಿ ಸೇರಿಯೇ ಇಲ್ಲ. ಅದಕ್ಕೆ ಲೆಕ್ಕ ಹಾಕಲು ಹೋದರೆ ಪ್ರಿಂಟ್ ಯಾರಿಗೂ ಕೊಳ್ಳಲಾಗದು.

ಎರಡನೇ ಪ್ರತಿ ಕೇಳಿದರೆ ಬೆಲೆ ಇಳಿಸಬಹುದು. ಅದು ದಾಕ್ಷಿಣ್ಯದ ರಿಯಾಯಿತಿ ಅಲ್ಲ. ಎಡಿಟಿಂಗ್ ಮುಗಿದಿರುತ್ತದೆ, ಟೆಸ್ಟ್ ಬೇಕಿಲ್ಲ. ಅದೇ ಕೊಳವೆಯಲ್ಲಿ ಹಾಕಿದರೆ ಪ್ಯಾಕಿಂಗೂ ಉಳಿಯಿತು. ನಿಮಗೆ ನಿಜವಾಗಿ ಉಳಿದದ್ದನ್ನೇ ಅವರಿಗೂ ಬಿಡುತ್ತಿದ್ದೀರಿ.

ಹೆಜ್ಜೆ 4: ಗೆಳೆಯರಿಗೆ ಎಷ್ಟು ಬಿಡುವುದು?

ಇಷ್ಟು ಲೆಕ್ಕ ಹಾಕಿದ್ದು ಇದಕ್ಕೋಸ್ಕರ. “ನಿನಗೆ ಅರ್ಧ ಬೆಲೆ” ಅನ್ನುವುದು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ! 300ರಲ್ಲಿ ಅರ್ಧ ಅಂದರೆ 150. ಅಂದರೆ ನಿಮ್ಮ ಪಾಲು ಪೂರ್ತಿ ಹೋಯಿತು. ಮುಕ್ಕಾಲು ಗಂಟೆ ಬಿಟ್ಟಿ ಕೆಲಸ. “ಹೋಗ್ಲಿ, 120 ಕೊಡು” ಅಂದರೆ ನೀವೇ 30 ಕೊಟ್ಟು ಅವರ ಗೋಡೆಗೆ ಚಿತ್ರ ಹಾಕಿಸಿದ ಹಾಗೆ. ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ.

ನಾನು ಮಾಡುವುದು ಹೀಗೆ. ನನ್ನ ಪಾಲಿನಲ್ಲಿ ಅರ್ಧ ಬಿಡುತ್ತೇನೆ. 150ರಲ್ಲಿ 75 ಬಿಟ್ಟರೆ ಗೆಳೆಯರ ಬೆಲೆ 225. ಅವರಿಗೆ ಕಾಲು ಭಾಗ ಕಡಿಮೆಯಾಯಿತು. ನನ್ನ ಹೊತ್ತಿಗೆ ಪೂರ್ತಿ ಸಿಗದಿದ್ದರೂ ಅವಮಾನ ಅನ್ನಿಸುವಷ್ಟು ಕಡಿಮೆಯೂ ಆಗಲಿಲ್ಲ. ನೀವು ಮೂರನೇ ಒಂದು ಭಾಗ ಬಿಡಬಹುದು, ಮುಕ್ಕಾಲು ಬಿಡಬಹುದು, ಅದು ನಿಮ್ಮ ಇಷ್ಟ. 150ರ ಗೆರೆಯ ಕೆಳಗೆ ಮಾತ್ರ ಇಳಿಯಬೇಡಿ.

ಗೆಳೆಯರ ಬೆಲೆ ಎಲ್ಲ ಗೆಳೆಯರಿಗೂ ಒಂದೇ ಇರಲಿ. ಆಪ್ತರಿಗೆ ಒಂದು, ಅಷ್ಟು ಆಪ್ತರಲ್ಲದವರಿಗೆ ಇನ್ನೊಂದು ಅಂತ ಶುರು ಮಾಡಿದರೆ ಕೆಟ್ಟಿತು. ಗೆಳೆಯರು ಒಬ್ಬರಿಗೊಬ್ಬರು ಮಾತಾಡುತ್ತಾರೆ. “ನಿನಗೆಷ್ಟು ಹೇಳಿದ?” ಅನ್ನುವ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ನಿಮ್ಮ ಸ್ನೇಹದ ಅಳತೆಗೋಲು ಆಗ ದುಡ್ಡಿನ ರೂಪದಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಸ್ನೇಹಿತರ ಸ್ನೇಹಿತರಿಗೆ, ಆಫೀಸಿನ ಪಕ್ಕದ ವಿಭಾಗದವರಿಗೆ ಪೂರ್ತಿ ಬೆಲೆಯೇ ಇರಲಿ.

ಇನ್ನು ತೀರಾ ಹತ್ತಿರದವರಿಗೆ? ಅವರಿಗೆ ಬೆಲೆ ಇಳಿಸಬೇಡಿ, ಉಡುಗೊರೆ ಕೊಡಿ. ಎರಡೂ ಬೇರೆ. ಉಡುಗೊರೆಯಲ್ಲಿ ದುಡ್ಡಿನ ಮಾತೇ ಇಲ್ಲ. ಚಿತ್ರ, ಅಳತೆ, ಸಮಯ ಎಲ್ಲ ನಿಮ್ಮ ಆಯ್ಕೆ. ಅವರು ಕೇಳಿ, ನೀವು ಇಷ್ಟವಿಲ್ಲದೆ ಪುಕ್ಕಟೆ ಕೊಟ್ಟರೆ ಅದು ಉಡುಗೊರೆ ಅಲ್ಲ, ವಸೂಲಾಗದ ಸಾಲ. ವರ್ಷಕ್ಕೆ ಇಷ್ಟು ಪ್ರಿಂಟ್ ಕೊಡುತ್ತೇನೆ ಅಂತ ಮೊದಲೇ ಅಂದುಕೊಂಡರೆ ಕೈ ತಡೆಯುತ್ತದೆ. ನನ್ನ ಲೆಕ್ಕ ವರ್ಷಕ್ಕೆ ನಾಲ್ಕು. ಐದನೆಯವರು ಬಂದಾಗ ಕಷ್ಟವಾಗುತ್ತದೆ, ಸುಳ್ಳು ಹೇಳಲ್ಲ.

ಹೆಜ್ಜೆ 5: ಬಾಯಿ ಬಿಟ್ಟು ಹೇಳುವುದು

ಲೆಕ್ಕಕ್ಕಿಂತ ಇದೇ ಕಷ್ಟ. ಎದುರಿಗೆ ಕೇಳಿದಾಗ ಅಲ್ಲೇ ಬೆಲೆ ಹೇಳಬೇಡಿ. “ನೋಡಿ ಸಂಜೆ ಮೆಸೇಜ್ ಮಾಡ್ತೀನಿ” ಅನ್ನಿ. ಮುಖ ನೋಡಿಕೊಂಡು ಹೇಳಿದ ಬೆಲೆ ಯಾವಾಗಲೂ ಕಡಿಮೆಯೇ ಇರುತ್ತದೆ. ಆಮೇಲೆ ಬರೆದು ಕಳಿಸಿ. ನಾನು ಕಳಿಸುವುದು ಹೆಚ್ಚುಕಡಿಮೆ ಹೀಗಿರುತ್ತದೆ:

“12×18, ಮ್ಯಾಟ್ ಕಾಗದ, ಫ್ರೇಮ್ ಇಲ್ಲದೆ. ನನ್ನ ರೇಟು 300, ನಿನಗೆ 225. ಹತ್ತು ದಿನ ಹಿಡಿಯುತ್ತೆ. ಲ್ಯಾಬಿಗೆ ಕೊಡೋ ಮುಂಚೆ 150 ಕಳಿಸಿರು, ಉಳಿದಿದ್ದು ಪ್ರಿಂಟ್ ನೋಡಿದ ಮೇಲೆ.”

ಇಷ್ಟೇ. “ಬೇಜಾರು ಮಾಡ್ಕೋಬೇಡ”, “ಲ್ಯಾಬಿನವರು ತುಂಬ ತಗೋತಾರೆ”, “ಬೇಕಾದ್ರೆ ಇನ್ನೂ ಕಡಿಮೆ ಮಾಡೋಣ” ಇದ್ಯಾವುದೂ ಬೇಡ. ನೀವೇ ತಪ್ಪಿತಸ್ಥರ ಹಾಗೆ ಮಾತಾಡಿದರೆ ಅವರಿಗೂ ಬೆಲೆ ಜಾಸ್ತಿಯೇನೋ ಅನ್ನಿಸುತ್ತದೆ. ಪೂರ್ತಿ ಬೆಲೆಯನ್ನೂ ಬರೆಯುವುದಕ್ಕೆ ಕಾರಣವಿದೆ. 225 ಮಾತ್ರ ಬರೆದರೆ ಅದೇ ನಿಮ್ಮ ರೇಟು ಅಂದುಕೊಂಡು ನಾಲ್ಕು ಜನಕ್ಕೆ ಹೇಳುತ್ತಾರೆ. ಮುಂಗಡ ಅಸಲಿನಷ್ಟೇ ಇರಲಿ. ಅವರು ನಡುವೆ ಬೇಡ ಅಂದರೂ ನಿಮ್ಮ ಜೇಬಿನಿಂದ ಏನೂ ಹೋಗುವುದಿಲ್ಲ.

“ಜಾಸ್ತಿ ಆಯ್ತಲ್ಲೋ” ಅಂದರೆ? ಬೆಲೆ ಇಳಿಸಬೇಡಿ, ಅಳತೆ ಇಳಿಸಿ. “8×12 ಮಾಡಿಸೋಣ, ಕಡಿಮೆಗೆ ಬರುತ್ತೆ” ಅನ್ನಿ. ಅದೂ ಬೇಡ ಅಂದರೆ ಬೇಡ. ಬೇಡ ಅನ್ನಲು ಅವರಿಗೂ ದಾರಿ ಇರಬೇಕಲ್ಲ. ಎಷ್ಟೋ ಸಲ ನಮಗೆ ಖುಷಿಯಾಗಲಿ ಅಂತಲೇ ಪ್ರಿಂಟ್ ಕೇಳಿರುತ್ತಾರೆ. ಬೆಲೆ ಕೇಳಿ ಸುಮ್ಮನಾದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಕೆಲವು ತೊಡಕಿನ ಸಂದರ್ಭಗಳು

ಫೈಲೇ ಕೊಡು, ನಾನೇ ಪ್ರಿಂಟ್ ಹಾಕಿಸ್ಕೋತೀನಿ ಅನ್ನುವವರಿಗೆ ನಾನು ಸಾಮಾನ್ಯವಾಗಿ ಇಲ್ಲ ಅನ್ನುತ್ತೇನೆ. ದುಡ್ಡಿನ ಆಸೆಗಲ್ಲ. ಅವರು ಸಿಕ್ಕಿದಲ್ಲಿ ಹಾಕಿಸಿ, ಮುಖ ಕೆಂಪಾಗಿ, ಆಕಾಶ ನೇರಳೆಯಾಗಿ ಬಂದರೆ “ಇದು ಇವರು ತೆಗೆದದ್ದು” ಅಂತ ತೋರಿಸುವುದು ನನ್ನನ್ನೇ. ಫೋಟೊದಲ್ಲಿ ಅವರೇ ಇದ್ದರೆ ಮಾತು ಬೇರೆ. ಅವರ ಮಗುವಿನ ಫೋಟೊಗೆ ನಾನು ಬಿಗಿಪಟ್ಟು ಹಿಡಿಯುವುದಿಲ್ಲ. ಅಸಲಿಗೇ ಪ್ರಿಂಟ್ ಕೊಟ್ಟು ಫೈಲನ್ನೂ ಕೊಡುತ್ತೇನೆ.

ಗೆಳೆಯರ ಅಂಗಡಿಗೋ ಆಫೀಸಿಗೋ ಬೇಕಾದರೆ? ಗೋಡೆಗೆ ಹಾಕುವ ಒಂದು ಪ್ರಿಂಟಿಗೆ ಗೆಳೆಯರ ಬೆಲೆಯೇ ಸಾಕು. ಆದರೆ ಅದೇ ಚಿತ್ರವನ್ನು ಜಾಹೀರಾತಿಗೆ, ಪ್ಯಾಕೆಟ್ ಮೇಲೆ, ಕ್ಯಾಲೆಂಡರಿಗೆ ಬಳಸುವುದು ಪ್ರಿಂಟ್ ವ್ಯಾಪಾರವೇ ಅಲ್ಲ. ಪ್ರಿಂಟ್ ಕೊಂಡವರಿಗೆ ಆ ಕಾಗದ ಸಿಗುತ್ತದೆ, ಚಿತ್ರವನ್ನು ಮತ್ತೆ ಮತ್ತೆ ಅಚ್ಚು ಹಾಕುವ ಹಕ್ಕು ಸಿಗುವುದಿಲ್ಲ. ಅದಕ್ಕೆ ಬೇರೆ ಮಾತುಕತೆ, ಬೇರೆ ಬೆಲೆ.

ಸಂಖ್ಯೆ ಹಾಕಿ ಮಾರುವ ಪ್ರಿಂಟ್‌ಗಳಿದ್ದರೆ ಇನ್ನೂ ಹುಷಾರಾಗಿರಿ. 3/25 ಅಂತ ಬರೆದರೆ ಈ ಚಿತ್ರ 25ಕ್ಕಿಂತ ಹೆಚ್ಚು ಬರುವುದಿಲ್ಲ ಅಂತ ಮಾತು ಕೊಟ್ಟ ಹಾಗೆ. ಗೆಳೆಯರಿಗೆ ಅಂತ 26ನೆಯದನ್ನು ಸದ್ದಿಲ್ಲದೆ ಹಾಕಿಸಿದರೆ ಪೂರ್ತಿ ಬೆಲೆ ಕೊಟ್ಟ 25 ಜನಕ್ಕೆ ಮೋಸ. ಜರ್ಮನಿಯ ಛಾಯಾಗ್ರಾಹಕ ಆಂಡ್ರಿಯಾಸ್ ಗುರ್ಸ್ಕಿ ಅವರ ‘ರೈನ್ 2’ ಚಿತ್ರದ ಒಂದು ಪ್ರಿಂಟ್ 2011ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 43 ಲಕ್ಷ ಡಾಲರಿಗೆ ಹೋಯಿತು. ಆ ಚಿತ್ರದ ಪ್ರಿಂಟ್‌ಗಳು ಇದ್ದದ್ದು 6 ಮಾತ್ರ. ನಮ್ಮ ಬೆಟ್ಟದ ಫೋಟೊಗೆ ಆ ಯೋಗ ಬರುವುದು ಅಷ್ಟರಲ್ಲೇ ಇದೆ. ಆದರೂ ಕೊಟ್ಟ ಮಾತು ಮಾತೇ. ಗೆಳೆಯರಿಗೆ ಸಂಖ್ಯೆಯಿಲ್ಲದ ಬೇರೆ ಚಿತ್ರ ಕೊಡಿ, ಇಲ್ಲವೇ ಆ 25ರಲ್ಲೇ ಒಂದನ್ನು ಕೊಡಿ.

ಫ್ರೇಮಿನ ಕೆಲಸ ತಲೆ ಮೇಲೆ ಹಾಕಿಕೊಳ್ಳಬೇಡಿ. ಭಾರ, ಗಾಜು, ಸಾಗಿಸುವ ತಾಪತ್ರಯ, ಬಣ್ಣ ಸರಿಯಿಲ್ಲ ಅನ್ನುವ ದೂರು. ಫ್ರೇಮಿನವರ ಬಿಲ್ಲನ್ನು ಗೆಳೆಯರೇ ನೇರವಾಗಿ ಕೊಡಲಿ. ಒಂದು ಮಾತು ಮಾತ್ರ ಹೇಳಿಕಳಿಸಿ: ಪ್ರಿಂಟ್ ಗಾಜಿಗೆ ತಾಗಬಾರದು, ನಡುವೆ ಆಮ್ಲವಿಲ್ಲದ ಮೌಂಟ್ ರಟ್ಟು ಇರಬೇಕು. ತಾಗಿದರೆ ತೇವಕ್ಕೆ ಅಂಟಿಕೊಂಡು, ಬಿಡಿಸಲು ಹೋದಾಗ ಚಿತ್ರವೇ ಕಿತ್ತುಬರುತ್ತದೆ.

ದುಡ್ಡಿನ ಬದಲು ಕೆಲಸ ಅನ್ನುವ ಗೆಳೆಯರೂ ಇರುತ್ತಾರೆ. “ನೀನು ಪ್ರಿಂಟ್ ಕೊಡು, ನಾನು ನಿನ್ನ ಅಂಗಿ ಹೊಲಿದುಕೊಡ್ತೀನಿ.” ನನಗಿದು ಇಷ್ಟ. ಆದರೆ ಎರಡೂ ಕಡೆಯ ಪೂರ್ತಿ ಬೆಲೆ ಮೊದಲೇ ಬಾಯಲ್ಲಿ ಹೇಳಿಕೊಳ್ಳಬೇಕು.

ಕೈಗೆ ಕೊಡುವ ಮುಂಚೆ

ಕಿಟಕಿ ಬೆಳಕಿನಲ್ಲಿ ಒಮ್ಮೆ ನೋಡಿ. ಗೀರು, ಚುಕ್ಕೆ ಇದ್ದರೆ ಗೆಳೆಯರ ಬೆಲೆಗೆ ಕೊಟ್ಟದ್ದಲ್ಲವೇ ಅಂತ ದಾಟಿಸಬೇಡಿ. ಕಡಿಮೆ ತೆಗೆದುಕೊಂಡದ್ದು ನಿಮ್ಮ ಪಾಲನ್ನು, ಪ್ರಿಂಟಿನ ಗುಣವನ್ನಲ್ಲ. ಬೇರೆ ಹಾಕಿಸಿ. ಪ್ರತಿ ಪ್ರಿಂಟಿಗೂ ಸೇರಿಸಿದ ಆ 10 ಇರುವುದು ಇದಕ್ಕೇ.

ಇಂಕ್‌ಜೆಟ್ ಪ್ರಿಂಟ್ ಆದರೆ ಒಂದು ದಿನ ತೆರೆದಿಟ್ಟು ಒಣಗಲು ಬಿಟ್ಟು ಆಮೇಲೆ ಸುತ್ತಿ. ಹಿಂದುಗಡೆ ಚಿತ್ರದ ಹೆಸರು, ಪ್ರಿಂಟ್ ಹಾಕಿಸಿದ ವರ್ಷ, ನಿಮ್ಮ ಸಹಿ ಇರಲಿ. ಹತ್ತಿಯ ಕಾಗದಕ್ಕೆ ಮೆತ್ತನೆ ಪೆನ್ಸಿಲ್ ಸಾಕು. ಲ್ಯಾಬಿನ ಪ್ಲಾಸ್ಟಿಕ್ ಲೇಪದ ಕಾಗದಕ್ಕೆ ಪೆನ್ಸಿಲ್ ಹಿಡಿಯುವುದಿಲ್ಲ, ಪಿಗ್ಮೆಂಟ್ ಇಂಕಿನ ಪೆನ್ನಿನಲ್ಲಿ ಬರೆದು ಪೂರ್ತಿ ಒಣಗುವ ತನಕ ಕಾಯಿರಿ. ಬಾಲ್ ಪೆನ್ ಮಾತ್ರ ಬೇಡ, ಒತ್ತಿದ ಗುರುತು ಮುಂದುಗಡೆ ಎದ್ದು ಕಾಣುತ್ತದೆ. ಕೊಳವೆಯೊಳಗೆ ಚೀಟಿಯೊಂದನ್ನು ಹಾಕಿ: ಪೂರ್ತಿ ಬೆಲೆ 300, ಬಿಟ್ಟದ್ದು 75, ಬಂದದ್ದು 225. ಉಡುಗೊರೆಯಾಗಿದ್ದರೆ ಚೀಟಿ ಬೇಡ, ಟೆಸ್ಟ್ ಪ್ರಿಂಟನ್ನೂ ಜೊತೆಗೆ ಹಾಕಿಬಿಡಿ. ಅವರ ಮನೆಯ ಫ್ರಿಜ್ ಬಾಗಿಲಿಗೆ ಅದೇ ಸರಿಯಾದ ಅಳತೆ.